ವೀರಗಲ್ಲಿನ ಪಾಠಕ್ಕೆ ವಾಟ್ಸ್‌ಆ್ಯಪ್‌ನಿಂದ ವಿಕಿಪೀಡಿಯದವರೆಗೆ: ಪದವಿ ಅಧ್ಯಾಪಕರಿಗೆ ಒಂದು ಮಾರ್ಗದರ್ಶಿ

ವಾಟ್ಸ್‌ಆ್ಯಪ್ ಗುಂಪಿಲ್ಲದ ಪದವಿ ತರಗತಿ ಈಗ ಹುಡುಕಿದರೂ ಸಿಗುವುದು ಕಷ್ಟ. ಆದರೆ ಆ ಗುಂಪುಗಳಲ್ಲಿ ಹೆಚ್ಚಾಗಿ ಕಾಣುವುದು ನೋಟ್ಸಿನ ಪಿಡಿಎಫ್, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಮತ್ತು ಹಬ್ಬದ ಶುಭಾಶಯ. ಇವುಗಳಿಂದ ಅನುಕೂಲವಾಗುತ್ತದೆ, ಕಲಿಕೆ ಆಗುವುದಿಲ್ಲ. ವಿದ್ಯಾರ್ಥಿ ತಾನೇ ಕೈಯಾರೆ ಮಾಡಿದ್ದನ್ನು ತಂದು ನಾಲ್ಕು ಜನರ ಮುಂದೆ ಇಟ್ಟು, ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ, ತಪ್ಪಿದ್ದರೆ ತಿದ್ದಿ ಮತ್ತೆ ಇಡುವಂತಾದಾಗ ಮಾತ್ರ ಸಾಮಾಜಿಕ ಮಾಧ್ಯಮ ಕಲಿಕೆಯ ಸಾಧನವಾಗುತ್ತದೆ ಎಂಬುದು ಇತಿಹಾಸ ಕಲಿಸುವ ನನ್ನ ಅನುಭವ. ಅದನ್ನು ಒಂದು ಸೆಮಿಸ್ಟರಿನಲ್ಲಿ ಹೇಗೆ ಸಾಧಿಸಬಹುದು ಎಂಬುದನ್ನು ಒಂದೇ ಉದಾಹರಣೆ ಹಿಡಿದು ಇಲ್ಲಿ ವಿವರಿಸುತ್ತೇನೆ: ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ವೀರಗಲ್ಲು (ಕಾಳಗದಲ್ಲಿ ಮಡಿದ ವೀರನ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದವಳ ನೆನಪಿನ ಕಲ್ಲು) ಮತ್ತು ಶಾಸನಗಳನ್ನು ದಾಖಲಿಸುವ ಕೆಲಸ. ಬೇರೆ ವಿಷಯ ಕಲಿಸುವವರು ಕಲ್ಲಿನ ಜಾಗದಲ್ಲಿ ತಮ್ಮ ವಿಷಯಕ್ಕೆ ಒಪ್ಪುವ ವಸ್ತುವನ್ನು ಇಟ್ಟುಕೊಳ್ಳಬಹುದು. ಸಸ್ಯಶಾಸ್ತ್ರದವರಿಗೆ ಊರಿನ ಮರಗಳಿವೆ, ಕನ್ನಡದವರಿಗೆ ಗಾದೆ ಮತ್ತು ಸೋಬಾನೆ ಪದಗಳಿವೆ.

ಆ್ಯಪ್ ಆರಿಸುವ ಮೊದಲು ಕೆಲಸ ಆರಿಸಿ

ಸೆಮಿಸ್ಟರ್ ಶುರುವಾಗುವ ಮೊದಲೇ ಒಂದು ಹಾಳೆಯ ಮೇಲೆ ಎರಡು ಸಾಲು ಬರೆದುಕೊಳ್ಳಿ. ಕೊನೆಯ ವಾರದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಏನಿರಬೇಕು? ಅದನ್ನು ತರಗತಿಯ ಹೊರಗಿನ ಯಾರು ಓದಬೇಕು? ನಮ್ಮ ಉದಾಹರಣೆಯಲ್ಲಿ ಮೊದಲ ಪ್ರಶ್ನೆಗೆ ಉತ್ತರ ಹೀಗಿದೆ: ಒಂದು ಕಲ್ಲು, ಅದರ ಐದು ಸ್ಪಷ್ಟ ಚಿತ್ರಗಳು, ಕಲ್ಲಿನ ಮೇಲೆ ಪಾಠ (ಕೊರೆದ ಬರಹ) ಇದ್ದರೆ ಅದರ ಓದು, ಕಾಲನಿರ್ಣಯ ಮತ್ತು ಮುನ್ನೂರು ಪದಗಳ ವಿವರಣೆ. ಎರಡನೆಯದಕ್ಕೆ ಉತ್ತರ: ಆ ಊರಿನವರು, ಮತ್ತು ಆ ಊರಿನ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುವ ಯಾರಾದರೂ. ಈ ಎರಡು ಉತ್ತರಗಳು ಸಿದ್ಧವಾದ ಮೇಲೆ ಯಾವ ಸಾಧನ ಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಸೂಚನೆಗೆ ಮತ್ತು ತಂಡದ ಮಾತುಕತೆಗೆ ವಾಟ್ಸ್‌ಆ್ಯಪ್, ಹೊರಗಿನವರ ಅಭಿಪ್ರಾಯಕ್ಕೆ ಫೇಸ್‌ಬುಕ್, ಉಳಿದುಕೊಳ್ಳಬೇಕಾದ ಚಿತ್ರಕ್ಕೆ ವಿಕಿಮೀಡಿಯ ಕಾಮನ್ಸ್ (ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಅಂತರ್ಜಾಲ ಭಂಡಾರ), ಉಳಿದುಕೊಳ್ಳಬೇಕಾದ ಬರಹಕ್ಕೆ ಕನ್ನಡ ವಿಕಿಪೀಡಿಯ. ಒಂದು ಸಾಧನಕ್ಕೆ ಒಂದೇ ಕೆಲಸ ಎಂಬ ನಿಯಮವನ್ನು ಸಡಿಲಿಸಬೇಡಿ. ಇದನ್ನು ನಾನು ಮೊದಲ ವರ್ಷ ಪಾಲಿಸಲಿಲ್ಲ. ಎಲ್ಲವೂ ಒಂದೇ ಗುಂಪಿನಲ್ಲಿ ನಡೆದು, ಹುದ್ದೆಗಳ ಅಧಿಸೂಚನೆ ಮತ್ತು ಶುಭಾಶಯಗಳ ನಡುವೆ ಚಿತ್ರ ಕಳುಹಿಸುವ ಕೊನೆಯ ದಿನದ ಸೂಚನೆ ಹೂತುಹೋಯಿತು. ಅರ್ಧಕ್ಕರ್ಧ ತರಗತಿ ಅದನ್ನು ನೋಡಿರಲೇ ಇಲ್ಲ.

ಇಂಥ ಕೆಲಸ ಸಾಧ್ಯವೆಂಬ ಧೈರ್ಯಕ್ಕೆ ಬೆಂಗಳೂರಿನ ನಿದರ್ಶನವೇ ಇದೆ. ‘ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬೆಂಗಳೂರು’ ಎಂಬ ಹೆಸರಿನಲ್ಲಿ ಫೇಸ್‌ಬುಕ್‌ನಲ್ಲಿ ಸೇರಿದ ಆಸಕ್ತ ನಾಗರಿಕರು ಹಳೆಯ ಶಾಸನ ಸಂಪುಟಗಳಲ್ಲಿ ದಾಖಲಾಗಿದ್ದ ಕಲ್ಲುಗಳನ್ನು ಊರೂರು ಅಲೆದು ಹುಡುಕಿದರು. ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಅದು ಮತ್ತೆ ಕಣ್ಮರೆಯಾಗದಂತೆ ನೋಡಿಕೊಂಡದ್ದರಲ್ಲಿ ಇಂಥ ನಾಗರಿಕರ ಪಾಲು ದೊಡ್ಡದು. ಅನಂತರ ಬೆಂಗಳೂರಿನ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಕೈಗೆತ್ತಿಕೊಂಡಿತು. ಮೊದಲ ದಿನದ ತರಗತಿಯಲ್ಲಿ ನಾನು ಈ ಕಥೆಯನ್ನೇ ಹೇಳುತ್ತೇನೆ, ಏಕೆಂದರೆ ‘ನಮ್ಮ ಫೋನಿನಿಂದ ಏನಾದೀತು’ ಎಂದುಕೊಂಡು ಕುಳಿತವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಗುಂಪು ಕಟ್ಟುವ ಕ್ರಮ

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಂಪಿನ ಬದಲು ‘ಕಮ್ಯುನಿಟಿ’ ರಚಿಸಿ. ಅದರಲ್ಲಿ ತಾನಾಗಿಯೇ ಒಂದು ಪ್ರಕಟಣೆಯ ಗುಂಪು ಬರುತ್ತದೆ. ಅಲ್ಲಿ ಅಡ್ಮಿನ್ ಆದವರು ಮಾತ್ರ ಬರೆಯಬಹುದು, ಮತ್ತು ಸದಸ್ಯರಿಗೆ ಪರಸ್ಪರರ ಫೋನ್ ನಂಬರ್ ಕಾಣುವುದಿಲ್ಲ. ಹುಡುಗಿಯರ ನಂಬರ್ ಗುಂಪಿನಿಂದ ಹೊರಗೆ ಹೋಗಿ ಅಪರಿಚಿತರಿಂದ ಸಂದೇಶ ಬರುವ ತೊಂದರೆಯನ್ನು ಕಂಡವರಿಗೆ ಈ ಒಂದು ಸೌಲಭ್ಯದ ಬೆಲೆ ಗೊತ್ತು. ಪ್ರಕಟಣೆಯ ಗುಂಪಿನ ಕೆಳಗೆ ಐದಾರು ಜನರ ಚಿಕ್ಕ ಚಿಕ್ಕ ತಂಡಗಳಿರಲಿ. ಆ ತಂಡಗಳಲ್ಲಿ ನಂಬರ್ ಕಾಣುವುದರಿಂದ ಯಾರ ಜೊತೆ ಇರಬೇಕೆಂಬುದನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಲಿ. ಒಂದೇ ಬಸ್ ಮಾರ್ಗದ ಊರಿನವರು ಒಂದು ತಂಡವಾದರೆ ಕಲ್ಲು ನೋಡಲು ಒಟ್ಟಿಗೆ ಹೋಗುವುದಕ್ಕೂ ಅನುಕೂಲ.

ಪ್ರತಿ ತಂಡದಲ್ಲಿ ಒಳ್ಳೆಯ ಕ್ಯಾಮೆರಾ ಇರುವ ಒಂದು ಫೋನ್ ಇದ್ದರೆ ಸಾಕು. ಸ್ಮಾರ್ಟ್‌ಫೋನ್ ಇಲ್ಲದ ವಿದ್ಯಾರ್ಥಿ ತರಗತಿಯಲ್ಲಿ ಇರುತ್ತಾನೆ ಅಥವಾ ಇರುತ್ತಾಳೆ ಎಂದು ಮೊದಲೇ ಎಣಿಸಿ, ಅಳತೆ ತೆಗೆದುಕೊಳ್ಳುವುದು, ಊರಿನ ಹಿರಿಯರ ಮಾತನ್ನು ಬರೆದುಕೊಳ್ಳುವುದು, ಗ್ರಂಥಾಲಯದ ಸಂಪುಟ ನೋಡುವುದು ಮುಂತಾದ ಕೆಲಸಗಳಿಗೂ ಚಿತ್ರ ತೆಗೆಯುವುದರಷ್ಟೇ ಅಂಕ ಇಡಿ. ರಾತ್ರಿ ಎಂಟರ ನಂತರ ಅಧ್ಯಾಪಕರು ಉತ್ತರಿಸುವುದಿಲ್ಲ ಎಂಬುದನ್ನೂ ಮೊದಲ ಸಂದೇಶದಲ್ಲೇ ತಿಳಿಸಿಬಿಡಿ.

ಬರವಣಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಸೈಬರ್ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಠ್ಯವನ್ನು ಫೋನಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲರೂ ಯಾವ ಸಾಧನದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಬೇಕು. ಫೋನಿನ ಕನ್ನಡ ಕೀಲಿಮಣೆ ಯೂನಿಕೋಡ್ ಆಗಿಯೇ ಇರುತ್ತದೆ. ಮೊದಲ ವಾರದಲ್ಲೇ ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ ನಾಲ್ಕು ಸಾಲನ್ನು ಕನ್ನಡದಲ್ಲಿ ಟೈಪ್ ಮಾಡಿ ಕಳುಹಿಸಲಿ. ಯಾರಿಗೆ ಸಹಾಯ ಬೇಕೆಂಬುದು ಅಂದೇ ತಿಳಿಯುತ್ತದೆ.

ಕಲ್ಲಿನ ಮುಂದೆ

ಈ ಹಂತಕ್ಕೆ ನಾನು ಮೂರು ವಾರ ಕೊಡುತ್ತೇನೆ, ಮತ್ತು ಇಡೀ ಕೆಲಸದ ಗುಣಮಟ್ಟ ನಿಲ್ಲುವುದು ಇಲ್ಲಿಯೇ.

ಮೊದಲು ಪುಸ್ತಕ, ಆಮೇಲೆ ಕಲ್ಲು. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಲಾಗಿದೆ. ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡಬಹುದು. ವಿದ್ಯಾರ್ಥಿ ತನ್ನ ತಾಲ್ಲೂಕನ್ನು ತೆರೆದು ತನ್ನ ಊರಿನ ಹೆಸರನ್ನು ಹುಡುಕಲಿ. ಹೆಸರು ಸಿಕ್ಕ ದಿನ ತಂಡದ ಗುಂಪಿನಲ್ಲಿ ಆಗುವ ಸಂಭ್ರಮವನ್ನು ನೀವೇ ನೋಡುತ್ತೀರಿ. ನೂರು ವರ್ಷಕ್ಕೂ ಹಿಂದೆ ಯಾರೋ ಬಂದು ತನ್ನ ಹಿತ್ತಲ ಪಕ್ಕದ ಕಲ್ಲನ್ನು ಓದಿ ಹೋಗಿದ್ದಾರೆ ಎಂಬ ಅರಿವಿನಷ್ಟು ಬಲವಾದ ಪಾಠವನ್ನು ಯಾವ ಪಿಡಿಎಫ್ ಕೂಡ ಕೊಡಲಾರದು. ಹೆಸರು ಸಿಗದಿದ್ದರೂ ಚಿಂತೆಯಿಲ್ಲ. ಬರಹವಿಲ್ಲದ ವೀರಗಲ್ಲುಗಳು ಬೇಕಾದಷ್ಟಿವೆ, ಅವುಗಳ ಶಿಲ್ಪವನ್ನೇ ಓದಬಹುದು.

ಚಿತ್ರ ತೆಗೆಯುವುದನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಮಧ್ಯಾಹ್ನ ಹನ್ನೆರಡಕ್ಕೆ ತೆಗೆದ ಚಿತ್ರವನ್ನು ತಂಡಕ್ಕೆ ಕಳುಹಿಸಿ, “ಸರ್, ಇದರಲ್ಲಿ ಅಕ್ಷರವೇ ಇಲ್ಲ” ಎಂದು ಬರೆದಳು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಲ್ಲು ಚಪ್ಪಟೆಯಾದ ಬೂದು ಹಲಗೆಯಂತಿತ್ತು. ಸಂಜೆ ಐದೂವರೆಗೆ, ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವಾಗ, ಮತ್ತೊಮ್ಮೆ ತೆಗೆಯಲು ಹೇಳಿದೆ. ಎರಡನೆಯ ಚಿತ್ರದಲ್ಲಿ ಪಟ್ಟಿಕೆಗಳ (ಶಿಲ್ಪವನ್ನು ಒಂದರ ಮೇಲೊಂದಾಗಿ ಕೆತ್ತಿದ ಅಡ್ಡ ಸಾಲುಗಳ) ನಡುವಿನ ಅಂಚಿನಲ್ಲಿ ಒಂದೂವರೆ ಸಾಲು ಬರಹ ಎದ್ದು ಬಂದಿತ್ತು. ಕೊರೆದ ಪ್ರತಿ ಗೆರೆಯೊಳಗೂ ನೆರಳು ತುಂಬಿಕೊಂಡು ‘ಸ್ವಸ್ತಿ’ ಎಂಬುದು ಬರಿಗಣ್ಣಿಗೆ ಓದುವಂತಿತ್ತು. ಅಂದು ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಪ್ರಕಟಣೆಯ ಗುಂಪಿಗೆ ಹಾಕಿದ್ದೆ. ಅದರ ಮೇಲೆ ವಿವರಣೆಯ ಅಗತ್ಯವೇ ಬೀಳಲಿಲ್ಲ. ಮರದ ನೆರಳಿನಲ್ಲಿರುವ ಕಲ್ಲಾದರೆ ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಪಕ್ಕದಿಂದ ಹಿಡಿದು ಮತ್ತೊಬ್ಬರು ಚಿತ್ರ ತೆಗೆದರೆ ಇದೇ ಫಲ ಸಿಗುತ್ತದೆ.

ಪ್ರತಿ ಕಲ್ಲಿಗೆ ಐದು ಚಿತ್ರಗಳು ಬೇಕು: ಸುತ್ತಲಿನ ಜಾಗದೊಂದಿಗೆ ದೂರದಿಂದ ಒಂದು, ಇಡೀ ಕಲ್ಲು ನೇರ ಮುಂದಿನಿಂದ ಒಂದು, ಮತ್ತು ಪ್ರತಿ ಪಟ್ಟಿಕೆಯದು ಹತ್ತಿರದಿಂದ ಒಂದೊಂದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಹೆಚ್ಚಾಗಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು ತೆಗೆದರೆ ಅಳತೆಯೂ ದಾಖಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ಸವೆದ ಅಕ್ಷರಗಳನ್ನು ಅಳಿಸಿಯೇಬಿಡುತ್ತದೆ. ಆದ್ದರಿಂದ ‘ಡಾಕ್ಯುಮೆಂಟ್’ ಎಂದು ಲಗತ್ತಿಸಿ ಕಳುಹಿಸಬೇಕೆಂದು ಕಡ್ಡಾಯ ಮಾಡಿ.

ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು, ಚೂಪಾದ ವಸ್ತುವಿನಿಂದ ಕೆರೆಯಬಾರದು. ಧೂಳಿದ್ದರೆ ಮೆತ್ತನೆಯ ಬಟ್ಟೆ ಸಾಕು. ಊರಿನವರು ಅದನ್ನು ವೀರಭದ್ರನೆಂದೋ ಮಾಸ್ತಮ್ಮನೆಂದೋ ಪೂಜಿಸುತ್ತಿದ್ದರೆ ಮೊದಲು ಪೂಜಾರರನ್ನು ಅಥವಾ ಹಿರಿಯರನ್ನು ಕೇಳಿ, ಅವರು ಹೇಳುವ ಕಥೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆ ಕಥೆಯೂ ದಾಖಲೆಯೇ.

ಚಿತ್ರ ತೆಗೆಯುವ ಮೊದಲು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸ್ಥಳದ ಟ್ಯಾಗ್ ನಿಲ್ಲಿಸಿರಬೇಕು. ಇದಕ್ಕೆ ಕಾರಣ ನಮ್ಮ ರಾಜ್ಯಕ್ಕೆ ಹೊಸದಲ್ಲ. ಶಾಸನಕಲ್ಲಿನ ಕೆಳಗೆ ಹೊನ್ನಿದೆ ಎಂದು ನಂಬಿ ರಾತ್ರೋರಾತ್ರಿ ಅಗೆಯುವ ನಿಧಿಗಳ್ಳರು ಎಷ್ಟೋ ಕಲ್ಲುಗಳನ್ನು ಒಡೆದಿದ್ದಾರೆ. ಊರಿನ ಹೆಸರು ಸಾರ್ವಜನಿಕವಾಗಿರಲಿ, ಹೊಲದೊಳಗಿನ ಒಂಟಿ ಕಲ್ಲಿನ ನಿಖರ ಸ್ಥಳ ಅಧ್ಯಾಪಕರ ಪುಸ್ತಕದಲ್ಲಿರಲಿ. ಹಿಂದೆ ಎಲ್ಲೂ ದಾಖಲಾಗದ ಬರಹವಿರುವ ಕಲ್ಲು ಸಿಕ್ಕರೆ ಫೇಸ್‌ಬುಕ್‌ಗೆ ಹಾಕುವ ಮೊದಲು ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ವ ಇಲಾಖೆಗೂ ಬರವಣಿಗೆಯಲ್ಲಿ ತಿಳಿಸಿ.

ತಂಡದೊಳಗಿನ ಓದು

ಚಿತ್ರಗಳು ಬಂದ ಮೇಲೆ ಅಧ್ಯಾಪಕರು ಎರಡು ದಿನ ಸುಮ್ಮನಿರಬೇಕು. ಇದು ಕಷ್ಟ, ಆದರೆ ಬಹಳ ಮುಖ್ಯ. ನಾವು ಉತ್ತರ ಹೇಳಿದ ಕೂಡಲೇ ಗುಂಪಿನಲ್ಲಿ ಇಪ್ಪತ್ತು ‘ಧನ್ಯವಾದ ಸರ್’ ಬಂದು ಮಾತು ಮುಗಿದುಹೋಗುತ್ತದೆ. ಬದಲಾಗಿ ಪ್ರತಿ ತಂಡದ ಒಬ್ಬರು ಒಂದು ಸಾಲನ್ನು ಓದಿ ಹಾಕಲಿ, ಮತ್ತೊಬ್ಬರು ಅದನ್ನು ಒಪ್ಪದೆ ಕಾರಣ ಕೊಡಲಿ, ಆ ಅಕ್ಷರ ‘ಪ’ವೋ ‘ವ’ವೋ ಎಂಬ ಅನುಮಾನ ಬಂದಲ್ಲಿ ಫೋನಿನ ಪರದೆಯ ಮೇಲೆ ಸುತ್ತುಹಾಕಿ ಮತ್ತೆ ಕಳುಹಿಸಲಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡಬೇಕು, ಊಹಿಸಿ ತುಂಬಬಾರದು ಎಂಬ ಶಿಸ್ತು ಅಲ್ಲಿಯೇ ಬೆಳೆಯುತ್ತದೆ.

ಕಾಲನಿರ್ಣಯದಲ್ಲಿ ಪ್ರತಿ ವರ್ಷವೂ ಒಂದು ತಪ್ಪು ಬರುತ್ತದೆ: ಶಕವರ್ಷವನ್ನೇ ಕ್ರಿಸ್ತಶಕವೆಂದು ಬರೆಯುವುದು. ಶಕವರ್ಷಕ್ಕೆ 78 ಕೂಡಿಸಬೇಕು. ಶಕ 1100 ಎಂದರೆ ಕ್ರಿ.ಶ. 1178–79, ಅದನ್ನು ಕ್ರಿ.ಶ. 1100 ಎಂದು ಬರೆದರೆ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕಲ್ಲು ಅವನು 1173ರಲ್ಲಿ ಪಟ್ಟಕ್ಕೆ ಬರುವ ಏಳು ದಶಕ ಮೊದಲಿನದಾಗಿಬಿಡುತ್ತದೆ. ಸಂವತ್ಸರದ ಹೆಸರಿದ್ದರೆ ಅದರಿಂದಲೂ ತಾಳೆ ನೋಡಬಹುದು. ಶಕ 1100 ವಿಳಂಬಿ ಸಂವತ್ಸರ. ಅರುವತ್ತು ವರ್ಷಗಳ ಹದಿನಾಲ್ಕು ಸುತ್ತು ಕಳೆದು ಶಕ 1940, ಅಂದರೆ 2018–19, ಮತ್ತೆ ವಿಳಂಬಿಯೇ ಆಗಿತ್ತು. ಮನೆಯಲ್ಲಿನ ಪಂಚಾಂಗದಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ ವಿದ್ಯಾರ್ಥಿಗಳೇ ಇದನ್ನು ಕಂಡುಕೊಂಡಾಗ ಆ ಲೆಕ್ಕ ಅವರಿಗೆ ಮರೆಯುವುದಿಲ್ಲ.

ಮೂರನೆಯ ದಿನ ಅಧ್ಯಾಪಕರು ಒಂದು ಧ್ವನಿ ಸಂದೇಶದಲ್ಲಿ ಎಲ್ಲಿ ಸರಿ, ಎಲ್ಲಿ ಮತ್ತೆ ನೋಡಬೇಕು ಎಂಬುದನ್ನು ಹೇಳಿ, ಉಳಿದ ಚರ್ಚೆಯನ್ನು ತರಗತಿಗೆ ತರಬೇಕು. ಕರಿಹಲಗೆಯ ಮುಂದೆ ಹತ್ತು ನಿಮಿಷದಲ್ಲಿ ಬಗೆಹರಿಯುವುದನ್ನು ನೂರು ಸಂದೇಶಗಳಲ್ಲಿ ಎಳೆಯುವುದು ಬೇಡ.

ಹೊರಗಿನವರ ಮುಂದೆ ಇಡುವುದು

ಫೇಸ್‌ಬುಕ್‌ನಲ್ಲಿ ತರಗತಿಯ ಹೆಸರಿನ ಒಂದು ಪುಟ ತೆರೆದು, ಅದರ ನಿರ್ವಹಣೆಯನ್ನು ಅಧ್ಯಾಪಕರು ಮತ್ತು ಇಬ್ಬರು ವಿದ್ಯಾರ್ಥಿಗಳು ನೋಡಿಕೊಂಡರೆ ಯಾರೂ ತಮ್ಮ ವೈಯಕ್ತಿಕ ಖಾತೆಯಿಂದ ಬರೆಯಬೇಕಾಗುವುದಿಲ್ಲ. ಬರಹದ ಕೆಳಗೆ ಹೆಸರು ಬೇಕೆಂದವರ ಹೆಸರನ್ನು ಮಾತ್ರ ಹಾಕಿ. ಮೊದಲ ಸೆಮಿಸ್ಟರಿನಲ್ಲಿ ಹದಿನೇಳರ ವಯಸ್ಸಿನವರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುವುದರಿಂದ ಅವರ ಹೆಸರು ಮತ್ತು ಮುಖ ಸಾರ್ವಜನಿಕವಾಗುವ ಮೊದಲು ಪೋಷಕರ ಒಪ್ಪಿಗೆ ಪಡೆಯುವುದು ಸೂಕ್ತ. ಕಮೆಂಟುಗಳಲ್ಲಿ ಜಾತಿ, ಊರು, ದೇವರ ಹೆಸರಿನಲ್ಲಿ ಜಗಳಕ್ಕೆ ಎಳೆಯುವವರು ಬಂದೇ ಬರುತ್ತಾರೆ. ವಿದ್ಯಾರ್ಥಿಗಳು ಅವರಿಗೆ ಉತ್ತರಿಸುವುದು ಬೇಡ, ಆ ಹೊಣೆ ಅಧ್ಯಾಪಕರದೇ. ಇನ್‌ಸ್ಟಾಗ್ರಾಮ್ ಮತ್ತು ಯೂಟ್ಯೂಬ್ ಬೇಕೆನ್ನುವ ತಂಡಗಳು ಕಲ್ಲಿನ ಬಗ್ಗೆ ಮೂರು ನಿಮಿಷದ ವಿಡಿಯೊ ಮಾಡಬಹುದು. ಮೊದಲು ಅದನ್ನು ‘ಅನ್‌ಲಿಸ್ಟೆಡ್’ ಆಗಿ (ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ) ಯೂಟ್ಯೂಬ್‌ನಲ್ಲಿ ಇಟ್ಟು ತರಗತಿ ನೋಡಿ ತಿದ್ದಿದ ಮೇಲೆ ಎಲ್ಲರಿಗೂ ತೆರೆಯಲಿ.

ಆದರೆ ಫೇಸ್‌ಬುಕ್‌ನ ಬರಹ ಒಂದು ವಾರದಲ್ಲಿ ಕೆಳಗೆ ಸರಿದುಹೋಗುತ್ತದೆ. ಉಳಿಯಬೇಕಾದದ್ದು ವಿಕಿಯಲ್ಲಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಂಥ ಕಡೆಗಳಲ್ಲಿ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿಯೇ ಅದರಲ್ಲಿ ಬರೆದಿದ್ದಾರೆ. ಇಲ್ಲಿ ಅನುಸರಿಸಬೇಕಾದ ಕ್ರಮ ಸ್ವಲ್ಪ ವಿವರವಾಗಿಯೇ ಹೇಳಬೇಕಾದದ್ದು.

ಖಾತೆಗಳನ್ನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಟ್ಟಿಗೆ ತೆರೆಯಲು ಹೋಗಬೇಡಿ. ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಅಂತರ್ಜಾಲ ಸಂಪರ್ಕದಿಂದ, ಒಂದು ದಿನಕ್ಕೆ ಆರು ಹೊಸ ಖಾತೆಗಳಿಗೆ ಮಾತ್ರ ಅವಕಾಶವಿರುವುದರಿಂದ ಏಳನೆಯವರಿಂದ ಮುಂದಕ್ಕೆ ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ. ಪ್ರತಿಯೊಬ್ಬರೂ ಮನೆಯಲ್ಲಿ ತಮ್ಮ ಮೊಬೈಲ್ ಡೇಟಾದಿಂದ ಖಾತೆ ತೆರೆದು ಬರಲಿ. ಅದಕ್ಕೆ ನಿಜವಾದ ಹೆಸರು ಬೇಕಿಲ್ಲ, ಫೋನ್ ನಂಬರ್ ಸಹ ಬೇಕಿಲ್ಲ. ಅನಂತರ ಪ್ರಯೋಗಪುಟದಲ್ಲಿ ಕರಡು ಬರೆದು, ಸಹಪಾಠಿಯೊಬ್ಬರು ಓದಿ ತಿದ್ದಿ, ಅಧ್ಯಾಪಕರು ನೋಡಿದ ಮೇಲೆ ಮುಖ್ಯ ಲೇಖನಕ್ಕೆ ಸೇರಿಸಬೇಕು. ಹೊಸ ಲೇಖನಕ್ಕಿಂತ ಊರಿನ ಬಗ್ಗೆ ಈಗಾಗಲೇ ಇರುವ ಲೇಖನಕ್ಕೆ ‘ಶಾಸನಗಳು’ ಎಂಬ ಒಂದು ವಿಭಾಗ ಸೇರಿಸುವುದು ಆರಂಭಕ್ಕೆ ಒಳ್ಳೆಯದು.

ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಜಾಗವಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮುಂಚೆಯೇ ಮನದಟ್ಟು ಮಾಡಿಸಿ. ಪ್ರಕಟವಾದ ಸಂಪುಟದಲ್ಲಿರುವ ಶಾಸನವನ್ನು ಸಂಪುಟ ಮತ್ತು ಸಂಖ್ಯೆಯೊಂದಿಗೆ ಉಲ್ಲೇಖಿಸಿ ಬರೆಯಬಹುದು. ತಂಡವೇ ಮೊದಲ ಬಾರಿಗೆ ಓದಿದ ಕಲ್ಲಿನ ಪಾಠವನ್ನು ಅಲ್ಲಿ ಹಾಕಿದರೆ ಅನುಭವಿ ಸಂಪಾದಕರು ತೆಗೆದುಹಾಕುತ್ತಾರೆ, ಮತ್ತು ತೆಗೆಯುವುದೇ ಸರಿ. ಅಂಥ ಓದಿಗೆ ತರಗತಿಯ ಪುಟವೋ ಕಾಲೇಜಿನ ಸಂಚಿಕೆಯೋ ತಕ್ಕ ಜಾಗ. ಪದಗಳನ್ನು ನಕಲು ಮಾಡುವ ವಿಷಯದಲ್ಲೂ ವ್ಯತ್ಯಾಸವಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ರೈಸ್ 1927ರಲ್ಲಿ ತೀರಿಕೊಂಡಿದ್ದರಿಂದ ಅವರ ಅನುವಾದಗಳನ್ನು ಮುಕ್ತವಾಗಿ ಬಳಸಬಹುದು. ಇತ್ತೀಚಿನ ಪರಿಷ್ಕೃತ ಸಂಪುಟಗಳಿಂದ ಮಾಹಿತಿ ಪಡೆದು ಹೆಸರಿಸಬಹುದೇ ಹೊರತು ಪುಟಗಟ್ಟಲೆ ಎತ್ತಿ ಹಾಕಬಾರದು.

ಚಿತ್ರಗಳು ಕಾಮನ್ಸ್‌ಗೆ ಹೋಗಲಿ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹಾಕಿದ ಚಿತ್ರವನ್ನು ಜಗತ್ತಿನ ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ಹೆಸರು ಉಲ್ಲೇಖಿಸಿ ಬಳಸಬಹುದು, ಮತ್ತು ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಇದನ್ನು ತಿಳಿದು ಒಪ್ಪಿದವರು ಮಾತ್ರ ಹಾಕಲಿ. ಒಪ್ಪದವರ ಅಂಕ ಕಡಿಮೆಯಾಗಬಾರದು.

ಅಂಕ ಕೊಡುವುದು

ಲೈಕ್, ಕಮೆಂಟು, ನೋಡಿದವರ ಸಂಖ್ಯೆ ಇವುಗಳಿಗೆ ಅಂಕವಿಲ್ಲ. ಆಂತರಿಕ ಮೌಲ್ಯಮಾಪನಕ್ಕೆ ಮೀಸಲಿಟ್ಟ ಅಂಕಗಳಲ್ಲಿ ಅರ್ಧವನ್ನು ಕಲ್ಲಿನ ದಾಖಲಾತಿಗೆ, ಉಳಿದರ್ಧವನ್ನು ತಿದ್ದುಪಡಿಗೆ ನಾನು ಇಡುತ್ತೇನೆ. ತಿದ್ದುಪಡಿ ಎಂದರೆ ಮೊದಲ ಓದಿಗೂ ಕೊನೆಯ ಓದಿಗೂ ನಡುವೆ ವಿದ್ಯಾರ್ಥಿ ಏನನ್ನು ಬದಲಿಸಿದ, ಏಕೆ ಬದಲಿಸಿದ ಎಂಬುದು. ವಿಕಿಪೀಡಿಯದ ಪ್ರತಿ ಪುಟದ ‘ಇತಿಹಾಸ’ ವಿಭಾಗದಲ್ಲಿ ಯಾರು, ಯಾವ ದಿನ, ಯಾವ ಪದ ಸೇರಿಸಿದರು ಎಂಬುದು ದಾಖಲಾಗಿರುತ್ತದೆ. ತಂಡದಲ್ಲಿ ಒಬ್ಬರೇ ದುಡಿದು ಉಳಿದವರು ಹೆಸರು ಸೇರಿಸುವ ಹಳೆಯ ತೊಂದರೆಗೆ ಇದರಷ್ಟು ನ್ಯಾಯವಾದ ಪರಿಹಾರ ನಾನು ಬೇರೆ ಕಂಡಿಲ್ಲ. ಅಂತರ್ಜಾಲದಲ್ಲಿ ಬರೆಯಲು ಇಷ್ಟವಿಲ್ಲದವರಿಗೆ ಅದೇ ಕೆಲಸವನ್ನು ಕಾಗದದ ಮೇಲೆ ಒಪ್ಪಿಸುವ ಅವಕಾಶವನ್ನು ಖಂಡಿತ ಕೊಡಿ.

ಸೆಮಿಸ್ಟರ್ ಮುಗಿದಾಗ

ಫಲಿತಾಂಶ ಬಂದ ವಾರದಲ್ಲೇ ತಂಡದ ಗುಂಪುಗಳನ್ನು ಮುಚ್ಚಿ. ಡಾಕ್ಯುಮೆಂಟ್ ಆಗಿ ಬಂದ ಮೂಲ ಚಿತ್ರಗಳನ್ನು ಊರು ಮತ್ತು ದಿನಾಂಕದ ಹೆಸರಿನ ಫೋಲ್ಡರುಗಳಲ್ಲಿ ವಿಭಾಗದ ಕಂಪ್ಯೂಟರಿಗೂ ಒಂದು ಪ್ರತ್ಯೇಕ ಹಾರ್ಡ್ ಡಿಸ್ಕಿಗೂ ಇಳಿಸಿಕೊಂಡು, ಫೋನ್ ನಂಬರುಗಳ ಪಟ್ಟಿಯನ್ನು ಅಳಿಸಿಬಿಡಿ. ಫೇಸ್‌ಬುಕ್ ಪುಟದ ನಿರ್ವಹಣೆಯನ್ನು ಮುಂದಿನ ತಂಡದ ಇಬ್ಬರಿಗೆ ವಹಿಸಿ, ಹಳೆಯ ಇಬ್ಬರನ್ನು ತೆಗೆಯುವುದನ್ನು ಮರೆಯಬೇಡಿ.

ಕೊನೆಗೆ ಪ್ರತಿ ಕಲ್ಲಿನ ವಿವರಣೆಯನ್ನು ದೊಡ್ಡ ಅಕ್ಷರದಲ್ಲಿ ಒಂದು ಪುಟಕ್ಕೆ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿ. ಅದರಲ್ಲಿ ಕಲ್ಲಿನ ಸಂಜೆ ಬೆಳಕಿನ ಚಿತ್ರ, ಪಾಠ, ಇಂದಿನ ಕನ್ನಡದಲ್ಲಿ ಅದರ ಅರ್ಥ ಮತ್ತು ಊರಿನವರು ಹೇಳಿದ ಕಥೆ ಇರಲಿ. ಚಿತ್ರ ತೆಗೆದ ವಿದ್ಯಾರ್ಥಿಯೇ ಅದನ್ನು ಒಯ್ದು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ, ಇನ್ನೊಂದನ್ನು ಊರಿನ ಶಾಲೆಗೂ ಕೊಡಲಿ, ಮತ್ತೊಂದನ್ನು ಕಥೆ ಹೇಳಿದ ಅಜ್ಜಿ ಅಥವಾ ಅಜ್ಜನಿಗೆ ಓದಿ ಹೇಳಿ ಅವರ ಕೈಯಲ್ಲೇ ಇಟ್ಟು ಬರಲಿ.